ಅತ್ತೆಯ ಹೆಸರಿಗೆ ಒಂದು ಕಾರ್ಡು

ನಮ್ಮ ಅತ್ತೆಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಅದು ಹೇಗೆ ಎಂದು ಈಗಿನವರು ಕೇಳುತ್ತಾರೆ. ಆಗ ಅದೇನೂ ಸೋಜಿಗದ ಸಂಗತಿಯಾಗಿರಲಿಲ್ಲ. ಹೆಣ್ಣುಮಕ್ಕಳು ದೇವರ ಹಾಡನ್ನು ನೋಡಿಕೊಂಡು ಹೇಳುವಷ್ಟು ಓದಿದರೆ ಮನೆಯವರಿಗೆ ಸಂತೋಷ. ಬರೆಯಲು ಕಲಿತರೆ ಯಾರಿಗೆ ಏನು ಬರೆದಾರೋ ಎಂಬ ಭಯ. ಅತ್ತೆಯ ತಮ್ಮಂದಿರಿಗೆ, ಎಂದರೆ ನನ್ನ ಅಪ್ಪಯ್ಯನಿಗೂ ಚಿಕ್ಕಪ್ಪನಿಗೂ, ಮಣೆಯ ಮೇಲೆ ಮರಳು ಹರಡಿ ಅಕ್ಷರ ತಿದ್ದಿಸುವಾಗ ಅತ್ತೆ ಎದುರುಗಡೆ ಹೂಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳಂತೆ. ಅವರು ಮಣೆಯ ಆ ಬದಿ, ಇವಳು ಈ ಬದಿ. ಹಾಗಾಗಿ ಅತ್ತೆಯ ಕಣ್ಣಿಗೆ ಅಕ್ಷರಗಳೆಲ್ಲ ಮೊದಲು ತಲೆಕೆಳಗಾಗಿಯೇ ಬಂದವು. ದೊಡ್ಡವಳಾದ ಮೇಲೂ ಪುಸ್ತಕವನ್ನು ಹೇಗೆ ಕೊಟ್ಟರೂ ತಲೆಕೆಳಗಾಗಿಯೇ ಹಿಡಿದು ಓದುತ್ತಿದ್ದಳು. ನೆಟ್ಟಗೆ ಹಿಡಿ ಅತ್ತೆ ಎಂದರೆ, "ಎಂಗೆ ಹೀಂಗೇ ಸಲೀಸು, ನಿಂಗೆ ಬೇಕಾದ್ರೆ ನೀ ತಿರುಗಿ ಕೂತ್ಕ" ಎಂದು ನಗುತ್ತಿದ್ದಳು. ನಮ್ಮ ಮನೆಮಾತಿನಲ್ಲಿ ಎಂಗೆ ಎಂದರೆ ನನಗೆ.

ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು ಅವಳು. ನಮ್ಮನ್ನೆಲ್ಲ ಎತ್ತಿ ಆಡಿಸಿದವಳು. ನಾನು ಇವತ್ತು ನಾಲ್ಕು ಜನ ಕೂತು ಕೇಳುವ ಹಾಗೆ ಮಾತಾಡುತ್ತೇನೆ ಎಂದರೆ ಆ ಮಾತು ಅವಳ ಬಾಯಿಂದ ಬಂದದ್ದು.

ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ವರ್ಷಗಳು. ನಮ್ಮೂರು ಮುಳುಗಡೆಯ ಪಟ್ಟಿಯಲ್ಲಿತ್ತು. ಒಂದೊಂದೇ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಿದ್ದರು. ಹೋದವರ ಮನೆಯ ಹೆಂಚು, ಬಾಗಿಲು, ತೊಲೆಗಳೂ ಅವರ ಹಿಂದೆಯೇ ಗಾಡಿ ಹತ್ತಿ ಹೋಗುತ್ತಿದ್ದವು. ಮಕ್ಕಳು ಕಡಿಮೆಯಾದ ಮೇಲೆ ಮಾಸ್ತರರಿಗೆ ಬೇರೆ ಊರಿಗೆ ವರ್ಗವಾಯಿತು, ಶಾಲೆಗೆ ಬೀಗ ಬಿತ್ತು. ನನಗೆ ಆಗ ನಾಲ್ಕನೆಯ ಇಯತ್ತೆ ಮುಗಿದಿತ್ತು. ತಂಗಿಗೆ ಆರು ತುಂಬುತ್ತಿತ್ತು, ಅವಳಿಗೆ ಶಾಲೆಯೇ ಸಿಗಲಿಲ್ಲ.

"ನಾ ಹೇಳಿಕೊಡ್ತಿ ಕೂಸಿಗೆ" ಎಂದಳು ಅತ್ತೆ. ನಮ್ಮ ಕಡೆ ಹೆಣ್ಣುಮಗುವನ್ನು ಕೂಸು ಎಂದೇ ಕರೆಯುವುದು, ಹೆಣ್ಣಿಗೆ ಅದು, ಇದು ಎನ್ನುವುದೂ ವಾಡಿಕೆ.

ಅತ್ತೆಯ ಪಾಠಕ್ಕೆ ಅಆಇಈ ಎಂಬ ಸಾಲೇ ಇರಲಿಲ್ಲ. ಮನೆಯಲ್ಲಿ ಏನು ಸದ್ದು ಮಾಡುತ್ತದೋ ಅದು ಅಕ್ಷರ. ಕಾವಲಿಗೆ ಹಿಟ್ಟು ಹೊಯ್ದರೆ ಚುಂಯ್ ಎನ್ನುತ್ತದಲ್ಲ, ಅದು ಚ. ಮೊಸರು ಕಡೆಯುವಾಗಿನ ಗರಗರ, ಅದು ಗ. ಸೂರಿನ ಹನಿ ಟಪ್ ಎಂದರೆ ಟ. ಬೆಕ್ಕು ಬಂದು ಕಾಲಿಗೆ ಮೈ ಉಜ್ಜಿ ಮಿಯಾಂವ್ ಎಂದರೆ ಮ. ಮೊದಲು ಕಿವಿ ಕೊಟ್ಟು ಕೇಳಬೇಕು, ಆಮೇಲೆ ತಾನೂ ಹಾಗೇ ಹೇಳಬೇಕು, ಅದಾದ ಮೇಲೆ ಅತ್ತೆ ಹಳೆಯ ಪಂಚಾಂಗ ತೆಗೆದು, "ಈಗ ಈ ಟಪ್ ಎಲ್ಲಿ ಅಡಗಿ ಕೂತಿದ್ದು, ಹುಡುಕು" ಎನ್ನುತ್ತಿದ್ದಳು. ತಂಗಿ ಹುಡುಕುತ್ತಿದ್ದಳು. ಸಿಕ್ಕಿದಾಗ ಅದರ ಮೇಲೆ ಬೆರಳಿಟ್ಟು ಕಿರುಚುತ್ತಿದ್ದಳು. ನವರಾತ್ರಿ ಬರುವಷ್ಟರಲ್ಲಿ ಅವಳು ಬೆಂಕಿಪೊಟ್ಟಣ, ಸಾಮಾನು ಕಟ್ಟಿ ಬಂದ ಕಾಗದ, ಗೋಡೆಯ ಕ್ಯಾಲೆಂಡರು, ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದಳು. ಒಂದೊಂದೇ ಸದ್ದನ್ನು ಜೋಡಿಸಿ, ನಾಲಿಗೆಯಲ್ಲಿ ಹೊರಳಿಸಿ, ಕೊನೆಗೆ ಇಡೀ ಮಾತು ಕೈಗೆ ಸಿಕ್ಕಿದಾಗ ಅತ್ತೆಯ ಮುಖ ನೋಡುತ್ತಿದ್ದಳು.

ನನಗೆ ಹೊಟ್ಟೆಕಿಚ್ಚು ಎಂದರೂ ತಪ್ಪಲ್ಲ. ನಾನು ಶಾಲೆಯಲ್ಲಿ ಮುತ್ತು ಪೋಣಿಸಿದ ಹಾಗೆ ಬರೆಯುತ್ತಾಳೆ ಎಂದು ಹೆಸರು ತಗೊಂಡವಳು. ನಮ್ಮ ಮಾಸ್ತರರು ಓದು ಶುರುವಾದ ಮಾರನೆಯ ವಾರದಿಂದಲೇ ಉಕ್ತಲೇಖನ ಹಾಕುತ್ತಿದ್ದರು. ಅವರು ಹೇಳಬೇಕು, ನಾವು ಬರೆಯಬೇಕು, ತಪ್ಪಿದ್ದನ್ನು ಹತ್ತು ಸಲ ತಿದ್ದಬೇಕು. ತಂಗಿಗೆ ಇದಾವುದೂ ಇಲ್ಲ.

"ಅತ್ತೆ, ಇದಕ್ಕೆ ಉಕ್ತಲೇಖನ ಯಾವಾಗ?" ಎಂದು ಕೇಳಿದೆ.

"ದೀಪಾವಳಿ ಕಳೀಲಿ."

ದೀಪಾವಳಿ ಕಳೆಯಿತು. "ತುಳಸಿಪೂಜೆ ಆಗ್ಲಿ" ಎಂದಳು. ಅದೂ ಆಯಿತು. "ಈಗಲೇ ಎಂತಕ್ಕೆ ಗಡಿಬಿಡಿ? ಓದು ಬಾಯಲ್ಲಿ ಕೂರಲಿ. ಅದಕ್ಕೇ ಬರೆಯಕ್ಕು ಅನ್ನಿಸಿದ ದಿನ ಬರೀತು" ಎಂದಳು.

ಒಂದು ದಿನ ನಾನು ಹಟ ಹಿಡಿದು ಸ್ಲೇಟು, ಬಳಪ ಎರಡನ್ನೂ ತಂದು ಅವಳ ಮುಂದಿಟ್ಟೆ. "ಮೇಲೆ ಒಂದು ಸಾಲು ನೀ ಬರೆದು ಕೊಡು, ಕೂಸು ಕೆಳಗೆ ನೋಡಿ ಬರೀಲಿ" ಎಂದೆ. ಅತ್ತೆ ಬಳಪ ತೆಗೆದುಕೊಂಡಳು. ಕುಂಕುಮ ಚಿಟಿಕೆ ಹಿಡಿಯುವ ಹಾಗೆ ಮೂರು ಬೆರಳಲ್ಲಿ ಹಿಡಿದಳು. ಸ್ಲೇಟಿನ ಮೇಲೆ ಅದನ್ನು ಒತ್ತಿ ಹಾಗೇ ಕೂತಳು. ಒಂದು ಬಿಳಿ ಚುಕ್ಕೆ ಬಿತ್ತು, ಅಷ್ಟೇ.

"ಎಂಗೆ ಬರೆಯಕ್ಕೆ ಬತ್ತಿಲ್ಲೆ, ಕೂಸೆ" ಎಂದಳು.

ನಾನು ನಕ್ಕುಬಿಟ್ಟೆ. ಬೇಕೆಂದು ನಕ್ಕದ್ದಲ್ಲ, ಹನ್ನೊಂದು ವರ್ಷದ ಹುಡುಗಿಯ ನಗು. "ಇಷ್ಟೆಲ್ಲಾ ಓದ್ತೆ, ಬರೆಯಕ್ಕೆ ಬತ್ತಿಲ್ಯಾ?" ಎಂದೆ. ತಂಗಿಯೂ ನಕ್ಕಳು, ನಾನು ನಕ್ಕೆನೆಂದು. ಅತ್ತೆಯೂ ನಕ್ಕಳು. ಬಳಪವನ್ನು ನನ್ನ ಕೈಗೇ ಕೊಟ್ಟು, ಸೆರಗಿನಲ್ಲಿ ಬೆರಳು ಒರೆಸಿಕೊಂಡು, ಅಡುಗೆಮನೆಗೆ ಎದ್ದುಹೋದಳು.

ಊರು ಬಿಡಬೇಕೆಂಬ ನೋಟೀಸನ್ನು ಬೀಗ ಹಾಕಿದ ಶಾಲೆಯ ಬಾಗಿಲಿಗೆ ಅಂಟಿಸಿದ್ದರು. ಉಳಿದ ನಾಲ್ಕೈದು ಮನೆಯ ಗಂಡಸರು ಅದರ ಮುಂದೆ ನಿಂತಿದ್ದರು. ಅವರಿಗೆಲ್ಲ ಓದಲು ಬರುತ್ತಿತ್ತು, ಆಗಲೇ ಓದಿಯೂ ಆಗಿತ್ತು. ಅಪ್ಪಯ್ಯನ ಕೈ ಹಿಡಿದುಕೊಂಡಿದ್ದ ತಂಗಿ ಮುಂದೆ ಹೋಗಿ, ಕಾಗದದ ಮೇಲೆ ಬೆರಳಿಟ್ಟು, ದೊಡ್ಡ ದನಿಯಲ್ಲಿ ಶುರು ಮಾಡಿದಳು. ಗ್ರಾ, ಮ, ದ. ಗ್ರಾಮದ. ನಿ, ವಾ, ಸಿ, ಗ, ಳು. ಯಾರೂ ತಡೆಯಲಿಲ್ಲ. ಒಂದೊಂದೇ ಅಕ್ಷರವನ್ನು ಎಳೆದು ಎಳೆದು, ಕೊನೆಗೆ "ಮನೆ ಖಾಲಿ ಮಾಡತಕ್ಕದ್ದು" ಎನ್ನುವಲ್ಲಿಗೆ ಬಂದು ನಿಲ್ಲಿಸಿ, ಚಪ್ಪಾಳೆ ತಟ್ಟಿಕೊಂಡಳು. "ಎಲ್ಲಾ ಓದ್ದಿ ಅಪ್ಪಯ್ಯ! ಒಂದೂ ಬಿಟ್ಟಿದ್ನಿಲ್ಲೆ!"

ಪಕ್ಕದ ಮನೆಯ ಹಿರಿಯರೊಬ್ಬರು ಹೆಗಲ ಮೇಲಿನ ವಸ್ತ್ರ ಮುಖಕ್ಕೆ ಹಿಡಿದರು. ಅಪ್ಪಯ್ಯ ಅವಳನ್ನು ಎತ್ತಿಕೊಂಡು, "ಹೌದು, ಜಾಣೆ ನೀ" ಎಂದ. ಮನೆಯ ತನಕ ಹಾಗೇ ಹೊತ್ತುಕೊಂಡು ಬಂದ.

ಅಪ್ಪಯ್ಯನಿಗೆ ಸಾಗರದ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಕೊಡುವ ಕೆಲಸ ಸಿಕ್ಕಿತು. ಚಿಕ್ಕಪ್ಪನಿಗೆ ತೀರ್ಥಹಳ್ಳಿಯ ಕಡೆ ಜಮೀನು ಕೊಟ್ಟಿದ್ದರು. ಸಾಗರದಲ್ಲಿ ಗೊತ್ತುಮಾಡಿದ ಬಾಡಿಗೆ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಅಪ್ಪಯ್ಯ, ಅಮ್ಮ, ನಾವಿಬ್ಬರು ಹಿಡಿಯುವುದೇ ಕಷ್ಟ. ಚಿಕ್ಕಮ್ಮನಿಗೆ ಆಗ ಐದು ತಿಂಗಳು, ಹೊಸ ಜಾಗದಲ್ಲಿ ಹಿರಿಯರೊಬ್ಬರು ಜೊತೆಗೆ ಬೇಕಿತ್ತು. ಅತ್ತೆ ಚಿಕ್ಕಪ್ಪನ ಜೊತೆ ಹೊರಟಳು. ಹೋಗುತ್ತೀಯಾ ಎಂದು ಯಾರೂ ಅವಳನ್ನು ಕೇಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಪಾತ್ರೆಗಳನ್ನೆಲ್ಲ ಗೋಣಿಗೆ ತುಂಬಿಯಾಗಿತ್ತು. ಅತ್ತೆ ನನ್ನನ್ನೂ ತಂಗಿಯನ್ನೂ ಬರಿದಾದ ದೇವರ ಕೋಣೆಗೆ ಕರೆದಳು. ತಂಗಿಯ ಗಲ್ಲ ಹಿಡಿದು, "ಇಷ್ಟು ವರ್ಷ ಆತು, ನನ್ನ ಹೆಸರಿಗೆ ಒಂದು ಕಾಗದ ಬಂಜಿಲ್ಲೆ ಕೂಸೆ. ಯಾರಿದ್ದ ಬರೆಯವು? ಓದಕ್ಕೆ ಬಂದು ಎಂತ ಆತು, ಬರೀ ಬೇರೆಯವಕ್ಕೆ ಬಂದಿದ್ದು ಓದ್ದಿ. ನೀ ಅಕ್ಕನ ಹತ್ರ ಬರೆಯದು ಕಲ್ತು ಎಂಗೆ ಒಂದು ಕಾರ್ಡು ಹಾಕು" ಎಂದಳು.

ತಂಗಿ ತಲೆಯಾಡಿಸಿ ಹೊರಗೆ ಓಡಿದಳು. ಅತ್ತೆ ನನ್ನ ಕೈ ಬಿಡಲಿಲ್ಲ.

"ಬೇಗ ಬರೆಸು, ಆತಾ? ಈಗೀಗ ಅಕ್ಷರದ ಸುತ್ತ ಹೊಗೆ ಕಟ್ಟಿದಾಂಗೆ ಕಾಣ್ತು. ಒಂದು ಬದಿ ಕಾಣ್ತೇ ಇಲ್ಲೆ. ಅಪ್ಪಯ್ಯಂಗೆ ಹೇಳಡ, ಅವಂಗೆ ಇರೋ ತಲೆಬಿಸಿಯೇ ಸಾಕು."

ನಾನು ಹೂಂ ಎಂದೆ. ಹೇಳಬೇಡ ಎಂದದ್ದನ್ನು ಚಾಚೂ ತಪ್ಪದೆ ಪಾಲಿಸಿದೆ. ಬೇಗ ಎಂದದ್ದನ್ನು ಮರೆತೆ.

ಸಾಗರದಲ್ಲಿ ತಂಗಿಯನ್ನು ಶಾಲೆಗೆ ಕರೆದುಕೊಂಡು ಹೋದಾಗ, ಓದಲು ಬಂದರೂ ಬರೆಯಲು ಬಾರದ ಹುಡುಗಿಯನ್ನು ಒಂದನೆಯ ಇಯತ್ತೆಗೇ ಕೂರಿಸಬೇಕು ಎಂದರು. ಅಪ್ಪಯ್ಯ ಯೋಚನೆ ಮಾಡಿ, "ಈ ವರ್ಷ ಮನೇಲೇ ಅಕ್ಕ ಬರೆಸಲಿ, ಬಪ್ಪ ವರ್ಷ ಸೀದಾ ಎರಡಕ್ಕೆ ಹಾಕದು" ಎಂದ. ಹಾಗೆ ನಾನು ಗುರುವಾದೆ. ಮಧ್ಯಾಹ್ನ ನನ್ನ ಶಾಲೆ ಬಿಟ್ಟು ಬಂದ ಕೂಡಲೇ ಸ್ಲೇಟು. ಕೈಯಲ್ಲಿ ಒಂದು ರೂಲರು. ಹೊಡೆಯುತ್ತಿದ್ದೆನೆಂದಲ್ಲ, ಆದರೆ ಇರುತ್ತಿತ್ತು.

"ಮೊದಲು ಅತ್ತೆಗೆ ಕಾಗದ ಬರೆಯನ" ಎಂದಳು ತಂಗಿ ಮೊದಲ ದಿನವೇ. ನಾನೂ ಸರಿ ಎಂದೆ.

ಅವಳು ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ತುಟಿಯಲ್ಲಿ ಸದ್ದು ಮಾಡಿಕೊಳ್ಳುತ್ತ, ಕೇಳಿದ ಹಾಗೆ ಬರೆದಳು. ಗೀಟುಗಳು ಏರಿ ಇಳಿದಿದ್ದವು, ಒತ್ತುಗಳು ಅರ್ಧಕ್ಕರ್ಧ ಇರಲಿಲ್ಲ. ಆದರೆ ನಾನು ಓದಿದಾಗ ಅದು ಹೀಗಿತ್ತು: ಅತ್ತೆ, ಇಲ್ಲಿ ಬೀದಿ ನಲ್ಲಿ ಟಪ್ ಟಪ್ ಹೇಳ್ತು. ನಿನ್ನ ನೆನಪಾತು. ಬೆಕ್ಕು ನಮ್ಮ ಸಂತಿಗೆ ಬಂಜಿಲ್ಲೆ. ನೀ ಯಾವಾಗ ಬತ್ತೆ.

ಬೆಕ್ಕು ನಮ್ಮ ಜೊತೆಗೆ ಬಂದಿರಲಿಲ್ಲ, ನಿಜ; ಚೀಲದಲ್ಲಿ ಹಾಕಿಕೊಂಡು ಬರುವಾಗ ಲಾರಿಯಿಂದ ಹಾರಿ ಹೋಗಿತ್ತು.

"ಹೀಂಗೆಲ್ಲಾ ಬರೆಯಕ್ಕಾಗ್ತಿಲ್ಲೆ" ಎಂದೆ. "ಇದು ಮಾತು. ಕಾಗದಕ್ಕೆ ಬೇರೆ ಭಾಷೆ ಇದ್ದು." ಒದ್ದೆ ಬಟ್ಟೆಯಿಂದ ಒರೆಸಿದೆ.

ನಮ್ಮವರ ಕಥೆಯೇ ಹಾಗೆ. ಮನೆಯಲ್ಲಿ ಆಡುವ ಮಾತನ್ನು ನಾವು ಯಾರೂ ಕಾಗದದ ಮೇಲೆ ಇಡುವುದಿಲ್ಲ. ಒಬ್ಬರಿಗೊಬ್ಬರು ಇಡೀ ಜನ್ಮ ‘ಬತ್ತೆ, ಹೋಗ್ತೆ’ ಎಂದವರು, ಕಾರ್ಡು ಬರೆಯಲು ಕೂತರೆ ‘ತಾವು ಬರುವಿರಷ್ಟೆ’ ಎನ್ನುತ್ತೇವೆ. ಅಪ್ಪಯ್ಯ ಚಿಕ್ಕಪ್ಪನಿಗೆ ಬರೆಯುವಾಗಲೂ ಹಾಗೇ. ಅದನ್ನು ನಾನು ಯಾರಿಂದಲೂ ಕೇಳಿ ಕಲಿತದ್ದಲ್ಲ, ಬರವಣಿಗೆ ಎಂದರೆ ಹಾಗೆ ಎಂದೇ ತಿಳಿದಿದ್ದೆ. ಹಾಗಾಗಿ ತಂಗಿಗೆ ಎರಡು ಕೆಲಸ ಬಿತ್ತು. ಅಕ್ಷರವನ್ನೂ ತಿದ್ದಬೇಕು, ಮಾತನ್ನೂ ತಿದ್ದಬೇಕು.

ದಿನಾ ಬರೆಯುತ್ತಿದ್ದಳು, ನಾನು ದಿನಾ ಒರೆಸುತ್ತಿದ್ದೆ. ಮೊದಮೊದಲು ಏನೇನೋ ಬರೆಯುತ್ತಿದ್ದಳು. ಎದುರು ಮನೆಯ ಹುಡುಗಿಯ ಬಗ್ಗೆ, ಅಪ್ಪಯ್ಯನ ಅಂಗಡಿಯ ಕತ್ತರಿ ಕಚಕಚ ಎನ್ನುವುದರ ಬಗ್ಗೆ, ಇನ್ನೂ ಎಷ್ಟೋ. ನಾನು ತಪ್ಪುಗಳನ್ನು ಮಾತ್ರ ನೋಡಿದೆ. ಆಮೇಲೆ ಬರೆಯುವುದು ಕಡಿಮೆಯಾಯಿತು. "ನೀನೇ ಹೇಳು, ನಾ ಬರೀತಿ" ಎನ್ನತೊಡಗಿದಳು. ಬಳಪ ಹಿಡಿದ ಕೂಡಲೇ ನನ್ನ ಮುಖ ನೋಡುವಳು. ಓದುವಾಗ ಅತ್ತೆಯ ಮುಖ ನೋಡುತ್ತಿದ್ದಳಲ್ಲ, ಆ ನೋಟ ಅಲ್ಲ ಇದು.

ಅಪ್ಪಯ್ಯ ಒಂದು ಸಂಜೆ ಅಂಗಡಿಯಿಂದ ಬಂದು, "ಎಂತ, ಅತ್ತೆಗೆ ಕಾಗದ ಆತಾ? ಎಷ್ಟು ತಿಂಗಳಾತು?" ಎಂದು ಕೇಳಿದ.

"ಇನ್ನೂ ತಪ್ಪು ಇದ್ದು."

"ಇರಲಿ ಬಿಡೇ. ಮದುವೆ ಸೀರೆಯ ಅಂಚು ನೋಡ್ದಾಂಗೆ ನೋಡ್ತೆ ನೀನು. ನಮ್ಮ ಅಂಗಡಿಗೆ ಬಪ್ಪ ಹೆಂಗಸರೇ ಅಡ್ಡಿಲ್ಲೆ. ಹಾಕು ಅಂಚೆ ಡಬ್ಬಿಗೆ."

"ಚಿಕ್ಕಪ್ಪನ ಮನೇಲಿ ನೋಡಿ ನಗ್ತ. ಬರೆಸಿದ್ದು ನಾನು ಹೇಳದು ಎಲ್ಲರಿಗೂ ಗೊತ್ತಿದ್ದು."

ಅಪ್ಪಯ್ಯ ನಕ್ಕು ಕಾಲು ತೊಳೆಯಲು ಹೋದ. ಅವನಿಗೆ ಅತ್ತೆಯ ಕಣ್ಣಿನ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ.

ಶಿವರಾತ್ರಿ ಕಳೆದ ಮೇಲೆ ಕಾರ್ಡು ಹೋಯಿತು. ಪೂಜ್ಯ ಅತ್ತೆಯವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಕ್ಕೆ ಬರೆಯಿರಿ. ನಾನು ಚೆನ್ನಾಗಿ ಓದುತ್ತಿದ್ದೇನೆ. ತಾವು ಯಾವಾಗ ಬರುವಿರಿ? ಒಂದು ಒತ್ತೂ ತಪ್ಪಿರಲಿಲ್ಲ. ವಿಳಾಸದಲ್ಲಿ ಅತ್ತೆಯ ಹೆಸರನ್ನು ನಾನೇ ದಪ್ಪವಾಗಿ ಬರೆದೆ. ಎಂಟು ದಿನ ಕಳೆದು ಚಿಕ್ಕಪ್ಪನ ಎರಡು ಸಾಲು ಬಂತು: ಕಾರ್ಡು ತಲುಪಿತು, ಅಕ್ಕ ಸಂತೋಷಪಟ್ಟಳು.

ನಾನು ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಚಿಕ್ಕ ಮಕ್ಕಳಿಗೆ ಪಾಠ ಹೇಳಿದೆ. ಈಗಲೂ ಬೀದಿಯ ಎಳೆಯ ತಾಯಂದಿರು ಬರುತ್ತಾರೆ. ಮಗುವಿಗೆ ಮನೆಯಲ್ಲೇ ಕಲಿಸುತ್ತಿದ್ದೇನೆ, ಸದ್ದು ಕೂಡಿಸಿ ಓದುತ್ತದೆ, ತಪ್ಪಿಲ್ಲದೆ ಬರೆಯುವುದನ್ನು ಯಾವಾಗ ಶುರು ಮಾಡಲಿ ಎಂದು ಕೇಳುತ್ತಾರೆ. ಎರಡು ಮೂರು ಅಕ್ಷರದ ಮಾತುಗಳನ್ನು ತಡವರಿಸದೆ ಓದತೊಡಗಿದ ಮೇಲೆ, ಓದಿದ ಮಾತುಗಳನ್ನೇ ದಿನಕ್ಕೆ ನಾಲ್ಕರಂತೆ ಬರೆಸಿ, ಓದನ್ನು ಬಿಡದೆ ಜೊತೆಜೊತೆಗೇ ಎನ್ನುತ್ತೇನೆ. ಅತ್ತೆಯಷ್ಟು ತಡಮಾಡುವುದೂ ಬೇಡ. ಆದರೆ ಮಗು ತಾನಾಗಿ ಯಾರಿಗಾದರೂ ಏನಾದರೂ ಬರೆದರೆ ಅದನ್ನು ಮುಟ್ಟಬೇಡಿ, ಹಾಗೇ ಕೊಟ್ಟುಬಿಡಿ, ತಿದ್ದುವುದನ್ನು ಬೇರೆ ಹಾಳೆಯಲ್ಲಿ ತಿದ್ದಿ ಎನ್ನುತ್ತೇನೆ. ಯಾಕೆ ಎಂದು ಯಾರೂ ಕೇಳುವುದಿಲ್ಲ.

ಕಾರ್ಡು ಹಾಕಿದ ಆ ವರ್ಷದ ಬೇಸಗೆ ರಜೆಯಲ್ಲಿ, ಅಮ್ಮನನ್ನು ಮನೆಯಲ್ಲಿ ಬಿಟ್ಟು, ಅಪ್ಪಯ್ಯ ನಮ್ಮಿಬ್ಬರನ್ನೂ ಚಿಕ್ಕಪ್ಪನ ಮನೆಗೆ ಕರೆದುಕೊಂಡು ಹೋದ. ಹೊಸನಗರದಲ್ಲಿ ಇಳಿದು ಬಸ್ಸು ಬದಲಿಸಿ, ತೀರ್ಥಹಳ್ಳಿ ಮುಟ್ಟಿ, ಅಲ್ಲಿಂದ ನಡೆದು ಮನೆ ಸೇರುವಾಗ ಬಿಸಿಲು ಇಳಿಯುತ್ತಿತ್ತು. ಅತ್ತೆ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಕೈಯಲ್ಲಿ ನಮ್ಮ ಕಾರ್ಡಿತ್ತು. ತಲೆಕೆಳಗೆ ಹಿಡಿದಿದ್ದಳು. ನನಗೆ ನಗು ಬಂತು, ಅತ್ತೆ ಇನ್ನೂ ಹಾಗೇ ಓದುತ್ತಾಳೆ ಎಂದುಕೊಂಡೆ. ನಾವು ಅಂಗಳ ದಾಟಿ ಅವಳ ಎದುರೇ ನಿಂತೆವು. ಅವಳು ತಲೆ ಎತ್ತಿದಳು. ನಮ್ಮ ಮೂವರ ನಡುವೆ ಎಲ್ಲೋ ನೋಡಿ, "ಯಾರು ಬಂದ್ರಾ?" ಎಂದಳು.

ಕಣ್ಣು ಚಳಿಗಾಲದಲ್ಲೇ ಪೂರ್ತಿ ಹೋಗಿತ್ತಂತೆ. ಚಿಕ್ಕಪ್ಪ ಶಿವಮೊಗ್ಗಕ್ಕೂ ಕರೆದುಕೊಂಡು ಹೋಗಿದ್ದನಂತೆ. ಇದು ಪೊರೆಯಲ್ಲ, ತೆಗೆದರೆ ಹೋಗುವುದಲ್ಲ, ಮೊದಲೇ ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದ್ದರಂತೆ. ಅಪ್ಪಯ್ಯನಿಗೆ ಬರೆಯಬೇಡಿ ಎಂದು ಅತ್ತೆಯೇ ತಡೆದಿದ್ದಳು. ಅಪ್ಪಯ್ಯ ಕಟ್ಟೆಯ ಮೇಲೆ ಅವಳ ಪಕ್ಕ ಕೂತು, "ಎಂಗೆ ಒಂದು ಮಾತು ಹೇಳಲಾಗ್ತಿತ್ತಿಲ್ಯಾ ಅಕ್ಕ" ಎಂದು ಎರಡು ಸಲ ಹೇಳಿದ. ನಾನು ಕಂಬಕ್ಕೆ ಆತು ನಿಂತಿದ್ದೆ.

ತಂಗಿಯನ್ನು ಅತ್ತೆ ತೊಡೆಯ ಮೇಲೆ ಕೂರಿಸಿಕೊಂಡು ಮುಖವೆಲ್ಲ ಸವರಿದಳು. ತಂಗಿ ಒಳಗಿದ್ದ ಚಿಕ್ಕಮ್ಮನ ಹೊಸ ಮಗುವನ್ನು ನೋಡಲು ಇಳಿದು ಓಡಿದಳು. ಅಪ್ಪಯ್ಯನೂ ಒಳಗೆ ಹೋದ. ಅತ್ತೆ ಕಾರ್ಡನ್ನು ನನ್ನ ಕಡೆ ಚಾಚಿದಳು.

"ಚಿಕ್ಕಮ್ಮ ಓದಿ ಹೇಳಿತ್ತು, ನಾಲ್ಕು ಸಲ. ಅಂಚೆಯವ ಬಂದಾಗೆಲ್ಲಾ ಕೇಳ್ತಿದ್ದಿ, ನನ್ನ ಹೆಸರಿಗೆ ಎಂತಾರೂ ಇದ್ದಾ ಹೇಳಿ. ಕಡೆಗೆ ಅವನೇ ದೂರದಿಂದ್ಲೇ ಕೂಗ್ತಿದ್ದ, ಇವತ್ತೂ ಇಲ್ಲ ಅಮ್ಮ ಹೇಳಿ." ಚಾಚಿದ ಕಾರ್ಡನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು, "ಇದು ಯಾರು ಬರೆದ್ದು?" ಎಂದಳು.

"ಕೂಸೇ."

"ಅಕ್ಷರ ಅದರದ್ದಿಕ್ಕು. ಮಾತು ಅದರದ್ದಲ್ಲ. ಕೂಸು ಎಂಗೆ ‘ತಾವು’ ಹೇಳಿ ಕರೀತಾ?"

ನಾನು ಎಲ್ಲವನ್ನೂ ಹೇಳಿದೆ. ಮೊದಲ ದಿನವೇ ಬರೆದದ್ದು, ನಾನು ಒರೆಸಿದ್ದು, ಆಮೇಲೂ ಒರೆಸಿದ್ದು. ಬೈಯಲಿ ಎಂದು ಕಾದೆ. ಅತ್ತೆ ಬೈಯಲಿಲ್ಲ.

"ಮೊದಲು ಎಂತ ಬರೆದಿತ್ತು? ಅದು ಹೆಂಗೆ ಬರೆದಿತ್ತೋ ಹಾಂಗೇ ಹೇಳು" ಎಂದು ನನ್ನ ಕಡೆ ಕಿವಿ ತಿರುಗಿಸಿದಳು.

ಆಗ ನನಗೆ ಹೊಳೆಯಿತು. ಅತ್ತೆ ಯಾವತ್ತೂ ಸದ್ದು ಜೋಡಿಸಿಯೇ ಓದಿದವಳು. ಒತ್ತಿಲ್ಲದ, ಗೀಟು ತಪ್ಪಿದ ಆ ಬರಹವನ್ನು ಕಣ್ಣಿದ್ದಾಗ ಅವಳ ಕೈಗೆ ಕೊಟ್ಟಿದ್ದರೆ, ಅವಳು ಬಾಯಿಬಿಟ್ಟು ಓದುತ್ತಿದ್ದಳು, ಅವಳ ಬಾಯಲ್ಲಿ ಕೂಸಿನ ದನಿಯೇ ಬರುತ್ತಿತ್ತು.

ನಾನು ತಂಗಿಯನ್ನು ಕೂಗಿದೆ. "ಅತ್ತೆಗೆ ಮೊದಲು ಸ್ಲೇಟಲ್ಲಿ ಬರೆದಿದ್ದೆ ಅಲ್ದಾ, ಅದನ್ನ ಹೇಳು" ಎಂದೆ. ಅವಳು ಕೈ ಕಟ್ಟಿ ನೆಟ್ಟಗೆ ನಿಂತಳು. "ಪೂಜ್ಯ ಅತ್ತೆಯವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲರೂ ಕ್ಷೇಮ" ಎಂದು ಶುರು ಮಾಡಿದಳು.

"ಅದಲ್ದೇ. ಅದಕ್ಕಿಂತ ಮುಂಚೆ ಬರೆದದ್ದು."

"ಎಂಗೆ ಗೊತ್ತಿಲ್ಲೆ" ಎಂದು ಮತ್ತೆ ಒಳಗೆ ಹೋದಳು.

ಕೊನೆಗೆ ನಾನೇ ಹೇಳಿದೆ. ಬೀದಿ ನಲ್ಲಿ ಟಪ್ ಟಪ್ ಹೇಳ್ತು, ನಿನ್ನ ನೆನಪಾತು. ಅತ್ತೆಯ ಮುಖ ಅರಳಿತು. "ಟಪ್ ಟಪ್ ಹೇಳಿ ಬರೆದಿತ್ತಾ!" ಎಂದು ನಕ್ಕಳು. ಬೆಕ್ಕು ಬಂಜಿಲ್ಲೆ ಎಂದೆ. "ಅಯ್ಯೋ ಪಾಪ" ಎಂದಳು. ನೀ ಯಾವಾಗ ಬತ್ತೆ ಎಂದೆ. ಕಾರ್ಡಿನ ಅಂಚನ್ನು ಬೆರಳಲ್ಲಿ ಸವರುತ್ತ ಕೂತಳು.

"ಮತ್ತೆಂತ ಬರೆದಿತ್ತು? ಇಷ್ಟು ತಿಂಗಳು ಬರೆದ್ದು ಅಲ್ದಾ?"

ಕತ್ತರಿ ಕಚಕಚ ಎಂಬುದೊಂದು ನೆನಪಾಯಿತು, ಹೇಳಿದೆ. ಎದುರು ಮನೆಯ ಹುಡುಗಿಯ ವಿಷಯವಿತ್ತು, ಏನೆಂದು ಬರೆದಿದ್ದಳು ಎಂಬುದು ಬರಲಿಲ್ಲ. ಆ ಸ್ಲೇಟಿನಲ್ಲಿ ಎಲ್ಲೆಲ್ಲಿ ತಪ್ಪಿತ್ತು ಎಂದು ಕೇಳಿದ್ದರೆ ಒಂದೊಂದನ್ನೂ ಹೇಳುತ್ತಿದ್ದೆ.

"ಮತ್ತೆಂತ ಕೂಸೆ?" ಎಂದು ಅತ್ತೆ ಕಿವಿ ಕೊಟ್ಟೇ ಕೂತಿದ್ದಳು. ಒಳಗಿಂದ ತಂಗಿ ಮಗುವಿನ ಜೊತೆ ಏನೋ ಹೇಳಿ ನಗುವುದು ಕೇಳುತ್ತಿತ್ತು. ನಾನು ಕಾರ್ಡನ್ನು ತೆಗೆದುಕೊಂಡು, ನೆಟ್ಟಗೆ ಮಾಡಿ, ಮತ್ತೆ ಅವಳ ಕೈಯಲ್ಲೇ ಇಟ್ಟೆ.